ಲಾಕಪ್ಪಿನ ಹುಸೇನಪ್ಪ

ಬೀಗದ ಕೈ ಸೊಂಟದ ಪಟ್ಟಿಯಲ್ಲೇ ನೇತಾಡುತ್ತಿದ್ದರೂ ಹುಸೇನಪ್ಪ ಲಾಕಪ್ಪಿನ ಬಾಗಿಲನ್ನು ಸೀದಾ ತೆಗೆದವನಲ್ಲ. ಮೊದಲು ಕೆಮ್ಮುತ್ತಿದ್ದ. ಆಮೇಲೆ ಬಾಗಿಲು ತಟ್ಟಿ, “ಒಳಗ ಅದೀರೇನ್ರಿ?” ಎಂದು ಕೇಳುತ್ತಿದ್ದ. “ಅದೀವಿ, ಬಾರಪ್ಪ” ಎಂದು ನಾವು ಅಪ್ಪಣೆ ಕೊಟ್ಟ ಮೇಲೆಯೇ ಬೀಗಕ್ಕೆ ಕೈ ಹಾಕುತ್ತಿದ್ದ. ನೀನೇ ಬೀಗ ಜಡಿದ ಕೋಣೆಯಿಂದ ನಾವು ಇನ್ನೆಲ್ಲಿಗೆ ಹೋಗಿರುತ್ತೇವೆ ಎಂದು ನಾನೊಮ್ಮೆ ಕೇಳಿದ್ದಕ್ಕೆ, “ಮಂದಿ ಇರೋ ಮನಿಗೆ ಹಂಗ ನುಗ್ಗಬಾರದ್ರಿ ಮೇಷ್ಟ್ರೆ” ಎಂದ.

ನಾನು ಅಲ್ಲಿ ಸೇರಿದ್ದು ದೇಶಭಕ್ತಿಯ ದೆಸೆಯಿಂದ. ಪರಂಗಿ ಸರಕಾರದ ಯುದ್ಧದ ದಿನಗಳು. ಸಂತೆಯ ನಡುವೆ ನಿಂತು, “ಈ ಯುದ್ಧಕ್ಕೆ ಯಾರೂ ನೆರವಾಗಬೇಡಿ” ಎಂದು ಕೂಗಿದೆ. ಪೊಲೀಸಿನವನು ಬದನೆಕಾಯಿ ಆರಿಸುತ್ತಿದ್ದ, ಅವನಿಗೆ ಕೇಳಿಸಲಿಲ್ಲ. ಪಕ್ಕಕ್ಕೇ ಹೋಗಿ ಮತ್ತೆ ಕೂಗಿದ ಮೇಲೆ, ಎಲ್ಲಿಂದ ಗಂಟುಬಿದ್ದನೋ ಎಂಬ ಮುಖ ಮಾಡಿ ಹಿಡಿದುಕೊಂಡ. ಹೀಗೆ ಇದ್ದ ಮೇಷ್ಟ್ರಗಿರಿಯನ್ನೂ ಕಳೆದುಕೊಂಡು, ಆಲೂರಿಗೂ ಚಿಪ್ಪಗಿರಿಗೂ ನಡುವಿನ ನಮ್ಮೂರ ಲಾಕಪ್ಪು ಸೇರಿದೆ.

ಹುಸೇನಪ್ಪ ಅಲ್ಲಿನ ಕಾವಲುಗಾರ. ಹೆಸರು ಪೀರ ದೇವರ ಹರಕೆಯದು, ಹಣೆಯ ಮೇಲೆ ಗೇಣುದ್ದ ವಿಭೂತಿ. ಹೊಸ ಕೈದಿ ಬಂದರೆ ಮನೆ ಬಾಡಿಗೆಗೆ ಕೊಡುವವನ ಹಾಗೆ ಕಟ್ಟಡವನ್ನೆಲ್ಲ ತೋರಿಸುತ್ತಿದ್ದ. ಗೋಡೆಯ ಕಲ್ಲುಗಳು ಯಾವುದೋ ಪಾಳೆಗಾರನ ಹಾಳುಕೋಟೆಯವು. ಕಟ್ಟಿದವನು ಹುಸೇನಪ್ಪನ ಮುತ್ತಾತ, ಊರಿನ ಮೇಸ್ತ್ರಿ. ಕಂಪನಿಯ ದೊರೆ ಅವನ ಕೈಗೊಂದು ನಕ್ಷೆ ಕೊಟ್ಟು, ಭದ್ರವಾಗಿ ಕಟ್ಟು ಎಂದು ಹೇಳಿ ಕುದುರೆ ಹತ್ತಿ ಹೋದನಂತೆ. ಮುತ್ತಾತನಿಗೆ ನಕ್ಷೆ ತಿಳಿಯದು, ಮನೆ ತಿಳಿಯುತ್ತಿತ್ತು. ಆದ್ದರಿಂದ ನಮ್ಮ ಲಾಕಪ್ಪಿಗೆ ಬಾಗಿಲ ಪಕ್ಕ ಹರಟೆಯ ಕಟ್ಟೆ, ಒಳಗೆ ದೀಪದ ಗೂಡು, ಒಲೆಯ ಮೂಲೆ, ತೊಲೆ ಜಂತಿಗಳ ಮೇಲೆ ಮಣ್ಣು ಹೊದಿಸಿದ ಮಾಳಿಗೆ. ಮಾಳಿಗೆಯ ನಡುವೆ ಆಳು ತೂರುವಷ್ಟು ದೊಡ್ಡ ಗವಾಕ್ಷಿ!

“ದೊರಿ ತಿರುಗಿ ಬಂದು ನೋಡಿ ಕೆಂಡ ಆದನಂತ್ರಿ,” ಎಂದು ಹುಸೇನಪ್ಪ ಹೆಮ್ಮೆಯಿಂದ ಹೇಳುತ್ತಿದ್ದ. “ನಮ್ಮ ಮುತ್ತಾತ ಅಂದನಂತ, ಗವಾಕ್ಷಿ ಇಲ್ದ ಮನ್ಯಾಗ ದೆವ್ವ ಇರ್ತಾವ ಸ್ವಾಮಿ, ಮನಷ್ಯಾರಲ್ಲ.”

“ಅದರಿಂದ ಯಾರೂ ಓಡಿಹೋಗಲಿಲ್ಲವೇ?”

“ಓಡ್ಯಾರ್ರಿ. ಉಣ್ಣೋ ಹೊತ್ತಿಗೆ ಬಂದಾರ.”

ನಮ್ಮ ಕಡೆ ಮುಂಗಾರಿಗೆ ಮುಂಚೆ ಪ್ರತಿ ಮನೆಯವರೂ ಮಾಳಿಗೆ ಹತ್ತಿ ಹೊಸದಾಗಿ ಚೌಡು ಮಣ್ಣು ಹಾಕುತ್ತಾರೆ. ಆ ಮಣ್ಣು ನೀರನ್ನು ಕೆಳಗಿಳಿಯಗೊಡದು. ಹಾಕದಿದ್ದರೆ ಮಾಳಿಗೆ ನೀರು ಕುಡಿದು ಭಾರವಾಗಿ ಕುಸಿಯುತ್ತದೆ. ಹಿಂದಿನ ವರ್ಷ ಪಕ್ಕದ ಬೀದಿಯಲ್ಲಿ ಹಾಗೆ ಕುಸಿದು, ಮಲಗಿದ್ದ ಗಂಡ ಹೆಂಡತಿ ಏಳಲೇ ಇಲ್ಲ. ಲಾಕಪ್ಪಿಗೆ ಮಣ್ಣು ಹಾಕಿಸಿ ಎಂದು ಹುಸೇನಪ್ಪ ಕಂಡವರ ಕಾಲೆಲ್ಲ ಹಿಡಿದ. ಎಲ್ಲರೂ ಆಗಲಿ ಎಂದರು, ಏನೂ ಆಗಲಿಲ್ಲ. ಆದೋನಿ ಕಡೆಯ ಆಕಾಶ ಕಪ್ಪಾದ ಬೆಳಿಗ್ಗೆ ಅವನು ಕೆಮ್ಮುವುದನ್ನೂ ಮರೆತು ಒಳಗೆ ಬಂದ.

“ಬೀಗ ಹಾಕಾವ ನಾನು. ಮಾಳಿಗಿ ಬಿದ್ರ ನೀವು ಎಲ್ಲಿಗೆ ಓಡ್ತೀರಿ? ಅದು ನಾನs ಕೊಂದಂಗ ಆಗ್ತೈತಿ. ಏಳ್ರಿ, ನಾವs ಹಾಕೋಣು.”

ಹೊತ್ತಲ್ಲದ ಹೊತ್ತಿನಲ್ಲಿ ಕೈದಿಗಳನ್ನು ಬಾಗಿಲಿನಿಂದ ಹೊರಗೆ ಬಿಡಬಾರದೆಂದು ಕಾನೂನು. ಗವಾಕ್ಷಿಗೆ ಕಾನೂನಿರಲಿಲ್ಲ. ಹುಸೇನಪ್ಪ ಬಾಗಿಲಿಗೆ ಭದ್ರವಾಗಿ ಬೀಗ ಜಡಿದು, ಮಾಳಿಗೆ ಹತ್ತಿ, ಗವಾಕ್ಷಿಯಿಂದ ಏಣಿ ಇಳಿಬಿಟ್ಟ. ಒಳಗಿದ್ದವರು ಮೂವರು. ನಾನು, ಕಳ್ಳಹೆಂಡ ಮಾರಿ ಸಿಕ್ಕಿಬಿದ್ದ ಪತ್ತಿಕೊಂಡದ ಮುದುಕ, ಕುರಿ ಕದ್ದ ಆರೋಪದ ಮಾರೆಣ್ಣ. ಕುರಿಗಳು ತಾವಾಗಿಯೇ ತನ್ನ ಹಿಂದೆ ಬಂದವೆಂಬುದು ಮಾರೆಣ್ಣನ ವಾದ. ಒಳ್ಳೆಯ ಚೌಡು ಕೆರೆಯ ಅಂಚಿನಲ್ಲಿ ಎಲ್ಲಿದೆ ಎಂಬುದು ಕುರಿ ಕಾದವನಿಗೇ ಗೊತ್ತು. ಹುಸೇನಪ್ಪ ತನ್ನ ಕತ್ತೆಯನ್ನು ಕೊಟ್ಟು ಅವನನ್ನೇ ಕಳಿಸಿದ. ಅವನು ಹೇರು ಹೇರಾಗಿ ತಂದ ಮಣ್ಣನ್ನು ನಾನೂ ಮುದುಕನೂ ಮೇಲೆ ಹರಡಿ ಬಡಿಯತೊಡಗಿದೆವು.

ಸರಿಯಾಗಿ ಆಗಲೇ ತನಿಖೆಯ ಸಾಹೇಬರು ಪೊಲೀಸರನ್ನು ಕರೆದುಕೊಂಡು ಬಂದಿಳಿದರು. ಬೀಗ ತೆಗೆಸಿದರು. ಒಳಗೆ ಒಂದು ನರಪಿಳ್ಳೆ ಇಲ್ಲ!

“ಕೈದಿಗಳೆಲ್ಲಿ?”

“ಲಾಕಪ್ಪಿನಾಗs ಅದಾರ್ರಿ. ಮ್ಯಾಲ.”

ಸಾಹೇಬರು ಕತ್ತೆತ್ತಿದರು. ಗವಾಕ್ಷಿಯಿಂದ ನಾನೂ ಮುದುಕನೂ ನಮಸ್ಕಾರ ಮಾಡಿದೆವು.

“ಇನ್ನೊಬ್ಬ?”

“ಕೆರಿಗೆ ಹೋಗ್ಯಾನ್ರಿ, ಚೌಡು ತರಾಕ.”

“ಒಬ್ಬನೇ?”

“ಇಲ್ರಿ, ಜತಿಗೆ ಕತ್ತೆ ಐತ್ರಿ.”

ನನಗೆ ನಗು ಉಕ್ಕಿ ಬಂತು. ಹುಸೇನಪ್ಪನ ಮುಖ ನೋಡಿದೊಡನೆ ಅಡಗಿತು. ಮಾರೆಣ್ಣ ಬಾರದಿದ್ದರೆ ಅವನ ನೌಕರಿ ಹೋಗುವುದಷ್ಟೇ ಅಲ್ಲ, ಅವನೇ ಒಳಗೆ ಕೂರಬೇಕಾಗಿತ್ತು. ಮಾಳಿಗೆಯ ಮೇಲಿದ್ದ ನನಗೆ ದಾರಿ ಕಾಣುತ್ತಿತ್ತು. ಮಾರೆಣ್ಣ ದೂರದಲ್ಲಿ ಬಂದ, ಪೊಲೀಸರ ಗುಂಪನ್ನು ಕಂಡು ನಿಂತ. ಸುತ್ತ ಬಯಲು, ತಡೆಯುವವರಿಲ್ಲ. ಕೊನೆಗೆ ಅವನು ಕತ್ತೆಯ ಬೆನ್ನು ತಟ್ಟಿ, ಸೀದಾ ನಡೆದುಬಂದು ಸಾಹೇಬರ ಬೂಟಿನ ಪಕ್ಕದಲ್ಲೇ ಮಣ್ಣು ಸುರಿದ.

“ಯಾಕೆ ಓಡಿಹೋಗಲಿಲ್ಲ?” ಎಂದು ಸಾಹೇಬರೇ ಕೇಳಿದರು.

“ಕತ್ತೆ ಹುಸೇನಪ್ಪಂದು ಸ್ವಾಮಿ. ಹೊಡಕೊಂಡು ಹೋದ್ರ ಕಳ್ಳ ಅಂತಾರ.”

ಸಾಹೇಬರು ನಗಲಿಲ್ಲ. ಹುಸೇನಪ್ಪನ ಸೊಂಟಪಟ್ಟಿಯನ್ನೂ ಬೀಗದ ಕೈಯನ್ನೂ ಅಲ್ಲೇ ಬಿಚ್ಚಿಸಿಕೊಂಡು ಮನೆಗೆ ಅಟ್ಟಿದರು. ಜಾರುತ್ತಿದ್ದ ಚಡ್ಡಿಯನ್ನು ಒಂದು ಕೈಯಲ್ಲಿ ಹಿಡಿದುಕೊಂಡು, “ಮೂಡಲ ಮೂಲಿ ಉಳದೈತ್ರಿ, ಅದೊಂದು ಬಡಿಸಿಬಿಡ್ರಿ” ಎಂದು ಅವನು ಬೇಡಿಕೊಂಡ. ಯಾರೂ ಕಿವಿಗೊಡಲಿಲ್ಲ. ಅಂದು ಸಂಜೆಯೇ ಮಳೆ ಹೊಯ್ಯಿತು. ಮೂಡಲ ಮೂಲೆ ಸೋರಿತು, ಆದರೆ ಮಾಳಿಗೆ ಕುಸಿಯದೆ ನಿಂತಿತು. ನಾವು ಮೂವರೂ ಪಡುವಲ ಗೋಡೆಗೆ ಒತ್ತಿ ಕುಳಿತೆವು. ನಮ್ಮ ಜೀವ ಉಳಿಸಿದವನ ಅನ್ನ ಹೋಯಿತಲ್ಲ ಎಂದು ನನಗೆ ಅಳು ಬಂತು, ಅತ್ತುಬಿಟ್ಟೆ.

ಬಿಡುಗಡೆಯಾದ ದಿನ ನೆಟ್ಟಗೆ ಅವನ ಮನೆಗೆ ಹೋದೆ. ಕೆಲಸ ಹುಡುಕಿಕೊಂಡು ಮರುದಿನವೇ ಊರು ಬಿಟ್ಟವನು ನಾನು, ನಾನು ತಿರುಗಿ ಬರುವುದರೊಳಗೆ ಹುಸೇನಪ್ಪ ತೀರಿಕೊಂಡಿದ್ದ. ಹಾಗಾಗಿ ಅದೇ ಕೊನೆಯ ಭೇಟಿ. ಸರಕಾರದ ಮಾಳಿಗೆಯ ಚಿಂತೆಯಲ್ಲಿ ಅವನು ಸ್ವಂತ ಮಾಳಿಗೆಗೆ ಹಿಡಿ ಮಣ್ಣೂ ಹಾಕಿರಲಿಲ್ಲ. ಒಳಗೆ ಹೆಜ್ಜೆಗೊಂದು ಪಾತ್ರೆ ಇಟ್ಟಿದ್ದರು. ಸಾಕ್ಷಿ ಸಿಗದೆ ನನಗಿಂತ ಮೊದಲೇ ಹೊರಬಿದ್ದಿದ್ದ ಮಾರೆಣ್ಣ ಮೇಲೆ ಚೌಡು ಹರಡುತ್ತಿದ್ದ, ದಂಡ ಕಟ್ಟಿ ಬಿಡಿಸಿಕೊಂಡಿದ್ದ ಮುದುಕ ಬಡಿಯುತ್ತಿದ್ದ. ನಾನು ಪಂಚೆ ಎತ್ತಿ ಕಟ್ಟಿ ಏಣಿ ಹತ್ತಿದೆ. ಹುಸೇನಪ್ಪ ಕೆಳಗೆ ನಿಂತು ಕತ್ತೆತ್ತಿ ನಮ್ಮನ್ನು ನೋಡಿದ.

“ನನ್ನ ಹತ್ರ ಈಗ ಬೀಗ ಇಲ್ರೆಪಾ,” ಎಂದ. “ಅರ್ಧಕ್ಕ ಬಿಟ್ಟು ಓಡಬ್ಯಾಡ್ರಿ.”

ಮುಗಿಯುವವರೆಗೆ ನಾವು ಯಾರೂ ಕೆಳಗಿಳಿಯಲಿಲ್ಲ.