ಕ್ಯಾರವಾನ್ ಅಂದೆ, ಕಮಾನು ಬಂತು

"ಅಜ್ಜಿ, ನೀವು ಮನೇಲೇ ಕಂಫರ್ಟಬಲ್ ಆಗಿರಿ. ಮುತ್ತತ್ತಿ ತಲುಪಿದ ತಕ್ಷಣ ವಿಡಿಯೋ ಕಳಿಸ್ತೀವಿ."

ಹೋದ ಭಾನುವಾರ ನನ್ನ ಮೊಮ್ಮಗಳು ನಮಿತಾ ಆಡಿದ ಮಾತಿದು. ಅದಕ್ಕೂ ಸ್ವಲ್ಪ ಮೊದಲು ಏನಾಯಿತು ಅಂತ ಕೇಳಿ.

ನಮಿತಾ ಮಂಡ್ಯದಲ್ಲಿ ಹಲ್ಲಿನ ಡಾಕ್ಟರ್. ವಾರವಿಡೀ ಜನರ ಬಾಯೊಳಗೆ ಬಗ್ಗಿ ನೋಡುವವಳಿಗೆ ಈಗ ಊರು ನೋಡುವ ಆಸೆ. ಗಂಡ, ಇಬ್ಬರು ಮಕ್ಕಳ ಜೊತೆ ಸುತ್ತಾಡಲು ಒಂದು ಕ್ಯಾರವಾನ್ ಕೊಳ್ಳಬೇಕಂತೆ. ಅಂದರೆ ಚಕ್ರದ ಮೇಲಿನ ಮನೆ. ಮೊದಲ ಟ್ರಿಪ್ ಮುತ್ತತ್ತಿಗೆ, ಕಾವೇರಿ ದಡಕ್ಕೆ.

ಉಪ್ಪಿಟ್ಟು ತಿನ್ನುತ್ತಿದ್ದ ನನ್ನ ಮುಂದೆ ಟ್ಯಾಬ್ಲೆಟ್ ಹಿಡಿದಳು. (ನಾನು ನುಂಗುವ ಟ್ಯಾಬ್ಲೆಟ್ ಅಲ್ಲ, ಅವಳು ಉಜ್ಜುವ ಟ್ಯಾಬ್ಲೆಟ್.) ಬಸ್ಸಿನಷ್ಟು ದೊಡ್ಡದೊಂದು. ಛತ್ರಿಯಂತೆ ತಲೆ ಬಿಚ್ಚಿಕೊಳ್ಳುವ ವ್ಯಾನ್ ಒಂದು. ಕಾರಿನ ಹಿಂದೆ ಬಾಲದ ಹಾಗೆ ಕಟ್ಟಿಕೊಂಡು ಹೋಗುವಂಥದ್ದೊಂದು. ಒಲೆ ಇದೆ, ಸಿಂಕ್ ಇದೆ, ಫ್ರಿಜ್ ಇದೆ. ಕಕ್ಕಸು ಕೂಡ ಇದೆ!

"ಯಾವುದು ಬೆಸ್ಟ್ ಹೇಳಿ ಅಜ್ಜಿ? ನೀವು ಹಳಬರು, ನಿಮಗೆ ಗೊತ್ತಿರುತ್ತೆ."

ನಾನು ಕನ್ನಡಕ ಏರಿಸಿಕೊಂಡು, ಮಲಗುವ ಹಾಸಿಗೆ ಎಷ್ಟು ಅಗಲ, ಕಿಟಕಿ ಯಾವ ಕಡೆ ಅಂತೆಲ್ಲ ಸೀರಿಯಸ್ಸಾಗಿ ವಿಚಾರಿಸಿದೆ. ನನ್ನ ಶಾಲು, ನನ್ನ ಬಿಸಿನೀರಿನ ಫ್ಲಾಸ್ಕು ಎಲ್ಲಿಡುವುದು ಅಂತ ಮನಸ್ಸಿನಲ್ಲೇ ಜಾಗ ಕೂಡ ಹುಡುಕಿಬಿಟ್ಟೆ. ಆಗ ಬಂತು ಆ ಮಾತು. ಮನೇಲೇ ಇರಿ, ವಿಡಿಯೋ ಕಳಿಸ್ತೀವಿ.

ನನ್ನ ಸಲಹೆ ಬೇಕು. ನಾನು ಬೇಡ!

ಸಿಟ್ಟು ಬರಲಿಲ್ಲ, ನಿಜವಾಗಿ. ಬಂದದ್ದು ಅಮ್ಮನ ನೆನಪು.

ಯುದ್ಧದ ಕಾಲ ಅದು. ನನಗೆ ಹನ್ನೊಂದು ವರ್ಷ. ಅಪ್ಪ ಮಳವಳ್ಳಿಯಲ್ಲಿ ನಾಲೆಯ ಓವರ್‌ಸಿಯರ್. ನಾನು ಮೈಸೂರಿನ ಕಾನ್ವೆಂಟಿನಲ್ಲಿ ಬೋರ್ಡರ್. ರಜೆ ಬಂದರೆ ಮದ್ದೂರಿನವರೆಗೆ ರೈಲು, ಅಲ್ಲಿಂದ ಮಳವಳ್ಳಿಗೆ ಇದ್ದಿಲು ಬಸ್ಸು. ಇದ್ದಿಲು ಬಸ್ಸು ಅಂದರೆ ಏನೆಂದು ಈಗಿನವರಿಗೆ ಹೇಗೆ ವಿವರಿಸಲಿ? ಪೆಟ್ರೋಲಿಗೆ ರೇಷನ್ ಇತ್ತಲ್ಲ, ಬಸ್ಸಿನ ಬೆನ್ನಿಗೆ ಒಂದು ಉದ್ದನೆಯ ಒಲೆ ಕಟ್ಟಿರುತ್ತಿದ್ದರು. ಅದರಲ್ಲಿ ಇದ್ದಿಲು ಉರಿಸಿ, ಆ ಗ್ಯಾಸಿನಲ್ಲಿ ಎಂಜಿನ್ ಓಡಿಸುವುದು. ಏರು ಬಂದರೆ ಪ್ರಯಾಣಿಕರೇ ಇಳಿದು ತಳ್ಳಬೇಕು. ಟಿಕೆಟ್ ತೆಗೆದುಕೊಂಡು ಬಸ್ಸನ್ನು ನಾವೇ ಊರು ಮುಟ್ಟಿಸುತ್ತಿದ್ದೆವು ಅಂದರೂ ಸರಿ.

ಮಳವಳ್ಳಿಯಲ್ಲಿ ಇಳಿದರೆ ಅಮ್ಮ ದೂರದಲ್ಲೇ ಮೂಗಿಗೆ ಸೆರಗು ಹಿಡಿದು ನಿಂತಿರುತ್ತಿದ್ದಳು. ನನ್ನ ಕಪ್ಪು ಮೋರೆ ನೋಡಿ ಅವಳದ್ದು ಪ್ರತಿಸಲವೂ ಒಂದೇ ಪ್ರಶ್ನೆ.

"ಯಾವ್ ಒಲೇಲಿ ಮನಗಿದ್ದೆ ಮಗ?"

ಅಮ್ಮನಿಗೆ ಮೋಟಾರು ಆಗುತ್ತಿರಲಿಲ್ಲ. ಬಸ್ಸಾಗಲಿ, ಕಾರಾಗಲಿ, ಹತ್ತಿ ಕೂತರೆ ಸಾಕು, ಹೊರಡುವ ಮೊದಲೇ ವಾಂತಿ. ಹಾಗಾಗಿ ಅವಳು ನನ್ನ ಕಾನ್ವೆಂಟಿಗೆ ಒಂದು ಪೇರೆಂಟ್ಸ್ ಡೇಗೂ ಬಂದವಳಲ್ಲ. ಅದನ್ನು ಹೇಗೋ ಸಹಿಸಿದಳು. ಸಹಿಸಲಾಗದೆ ಇದ್ದದ್ದು ಮುತ್ತತ್ತಿಯ ಹರಕೆ.

ನಾನು ಮೂರು ವರ್ಷದವಳಿದ್ದಾಗ ವಿಷಮಶೀತ ಜ್ವರದಲ್ಲಿ ಕೈಬಿಟ್ಟು ಹೋಗುವಂತಿದ್ದೆನಂತೆ. ಆಗ ಅಮ್ಮ ಹೇಳಿಕೊಂಡಿದ್ದು: "ಮಗ ಉಳುದ್ರೆ ಒಳೇಲಿ ಮುಳುಗಿ ನಾನೇ ಬಂದು ನಿನ್ ಮುಂದೆ ನಿಂತ್ಕತೀನಿ ಮುತ್ತತ್ತಿರಾಯ."

ನಾನೇ ಬಂದು. ಆ 'ನಾನೇ' ಅವಳನ್ನು ಕಟ್ಟಿಹಾಕಿತ್ತು.

ಪ್ರತಿ ವರ್ಷ ಬೇಸಿಗೆ ರಜೆಯಲ್ಲಿ ಅಪ್ಪ ನನ್ನನ್ನು ಕರೆದುಕೊಂಡು ಅವಳ ಪರವಾಗಿ ಹೋಗಿ ಪೂಜೆ ಮಾಡಿಸಿ ಬರುತ್ತಿದ್ದರು. ಅವಳ ಪಾಲಿಗೆ ಪ್ರಸಾದ ಮತ್ತು ಒಂದು ಸೀಸೆ ಹೊಳೆ ನೀರು. ಸೀಸೆ ದೇವರ ಗೂಡಿನಲ್ಲಿ ಕೂರುತ್ತಿತ್ತು. ಊರೂರಿನ ಗದ್ದೆಗೆ ನೀರು ಹರಿಸುವ ಓವರ್‌ಸಿಯರ ಹೆಂಡತಿ ಕಾವೇರಿಯ ದರ್ಶನ ಮಾಡುತ್ತಿದ್ದದ್ದು ಸೀಸೆಯಲ್ಲಿ.

ಎತ್ತಿನ ಗಾಡಿ ಇರಲಿಲ್ಲವೇ ಅಂತ ಕೇಳುತ್ತೀರಿ. ಇತ್ತು. ಬೋರಯ್ಯನದ್ದು. ಅಪ್ಪ ಕ್ಯಾಂಪಿಗೆ ಹೊರಟರೆ ಮಂಚ, ಪೆಟ್ಟಿಗೆ, ಪಾತ್ರೆ ಪಡಗ ಹೊರುತ್ತಿದ್ದ ತೆರೆದ ಗಾಡಿ. ಅದರ ಮೇಲೆ ಹೆಂಡತಿಯನ್ನು ಕೂರಿಸುವುದೇ? ಅಪ್ಪನಿಗೆ ಒಂದು ಪೊಸಿಷನ್ ಇತ್ತು, ಸ್ವಾಮಿ! ಹ್ಯಾಟು ಇತ್ತು.

ಆ ಬೇಸಿಗೆ ನಾನು ಇಂಗ್ಲಿಷ್ ರೀಡರ್ ಹಿಡಿದು ಮನೆಗೆ ಬಂದೆ. ಅದರಲ್ಲೊಂದು ಚಿತ್ರ. ಕುದುರೆ ಎಳೆಯುವ ಹಳದಿ ಬಣ್ಣದ ಪುಟ್ಟ ಮನೆ. ದುಂಡಗಿನ ಸೂರು, ಕಿಟಕಿ, ಕಿಟಕಿಗೆ ಹೂವಿನ ಪರದೆ. ಕೆಳಗೆ 'ಕ್ಯಾರವಾನ್' ಎಂದು ಬರೆದಿತ್ತು. ಸಿಸ್ಟರ್ ಆ ಪದ ಹೇಳುವಾಗ ತುಟಿ ಎಷ್ಟು ಚೆಂದ ಅರಳುತ್ತಿತ್ತು! ನಾನೂ ಹಾಗೇ ಅರಳಿಸಿ ಸಿಕ್ಕಸಿಕ್ಕವರಿಗೆ ತೋರಿಸಿದೆ. ಹಿತ್ತಲಲ್ಲಿ ಎತ್ತಿಗೆ ಮೈ ತೊಳೆಯುತ್ತಿದ್ದ ಬೋರಯ್ಯನಿಗೂ.

"ಏನ್ ಪಟ ಚಿಕ್ಕವ್ವ ಅದು?"

"ಕ್ಯಾರವಾನ್."

"ಕಮಾನಾ?"

"ಕ್ಯಾ-ರ-ವಾನ್!"

"ಅದೇ ಕನವ್ವ, ಕಮಾನು. ನಿಮ್ ಇಸ್ಕೂಲಲ್ಲಿ ಸರ್ಯಾಗಿ ಯೇಳ್ಕೊಟ್ಟಿಲ್ಲ, ನಾಲ್ಗೆ ತೊಡರ್ತಾ ಅದೆ ನಿಂಗೆ."

ನಮ್ಮ ಕಡೆ ಗಾಡಿಗೆ ಬಿದಿರು ಬಗ್ಗಿಸಿ ಚಾಪೆ ಹೊದಿಸುವ ದುಂಡು ಸೂರಿಗೆ ಕಮಾನು ಅನ್ನುತ್ತೇವೆ. ಅವನ ಜೊತೆ ವಾದಿಸಲಾರದೆ, "ಇಂಥದ್ದು ಇದ್ದಿದ್ದರೆ ಅಮ್ಮನೂ ಮುತ್ತತ್ತಿಗೆ ಬರಬಹುದಿತ್ತು ಬೋರಣ್ಣ" ಅಂದೆ.

ಬೋರಯ್ಯ ಪಟವನ್ನು ಹತ್ತಿರ ಹಿಡಿದು ನೋಡಿದ. ದೂರ ಹಿಡಿದು ನೋಡಿದ. "ಯಾವತ್ತು ಒಂಟಿರಾದು?"

"ಶನಿವಾರ."

ಅಷ್ಟೇ ಆದದ್ದು. ಅವನು ಅದನ್ನು ಸಾಹೇಬರ ಆರ್ಡರ್ ಅಂದುಕೊಂಡ ಅಂತ ನನಗೇನು ಗೊತ್ತು?

ಶನಿವಾರ ಬೆಳಿಗ್ಗೆ ನಮ್ಮ ಮನೆಯ ಮುಂದೆ ಎರಡು ವಾಹನ. ಒಂದು, ಅಪ್ಪನ ಸ್ನೇಹಿತರಾದ ಕಂಟ್ರ್ಯಾಕ್ಟರ ಮೋಟಾರು ಕಾರು, ಬೆನ್ನಿಗೆ ಇದ್ದಿಲ ಒಲೆ ಹೊತ್ತು ಹೊಗೆ ಕಾರುತ್ತ. ಇನ್ನೊಂದು, ಬೋರಯ್ಯನ ಗಾಡಿ. ಆದರೆ ಅದು ಬೋರಯ್ಯನ ಗಾಡಿಯಂತೆ ಇರಲೇ ಇಲ್ಲ! ಬಿದಿರ ದಬ್ಬೆ ಬಗ್ಗಿಸಿ ಕಮಾನು ಕಟ್ಟಿದ್ದ. ಚಾಪೆ ಹೊದಿಸಿದ್ದ. ಚಾಪೆಯಲ್ಲಿ ಚೌಕವಾಗಿ ಕಿಟಕಿ ಕೊರೆದು, ಹೆಂಡತಿಯ ಹಳೇ ಸೀರೆ ಹರಿದು ಪರದೆ ಬಿಟ್ಟಿದ್ದ. ಮೇಲಿನಿಂದ ಕೆಳಗಿನವರೆಗೆ ಅರಿಶಿನ ಬಳಿದಿದ್ದ.

"ಯಾರೋ ನಿನಗೆ ಗಾಡಿ ತರೋಕೆ ಹೇಳಿದ್ದು?" ಅಪ್ಪನ ಗುಡುಗು.

"ಚಿಕ್ಕವ್ವಾರು ಯೇಳುದ್ರಲ್ಲ ಬುದ್ಧಿ. ಪಟ ಬ್ಯಾರೆ ತೋರ್ಸುದ್ರು. ಪಟದಲ್ಲಿ ಅಳದಿ ಇತ್ತು, ಅದ್ಕೇ ಅರಿಸ್ನ ಬಳುದೆ."

"ನಾನು ಹೇಳಿದ್ದು ಕ್ಯಾರವಾನ್!" ನಾನು ಅಳುವ ದನಿಯಲ್ಲಿ ಕೂಗಿದೆ.

"ನೋಡಿ ಬುದ್ಧಿ. ಈಗ್ಲೂ ಕಮಾನು ಅಂತಾನೇ ಅಂತಾವ್ರೆ."

ಕಂಟ್ರ್ಯಾಕ್ಟರು ನಕ್ಕರು. ಅಪ್ಪನ ಮುಖ ಕೆಂಪಾಯಿತು. "ತಿರುಗಿಸು ಗಾಡೀನ" ಅಂತ ಬಾಯಿ ತೆರೆಯುವಷ್ಟರಲ್ಲಿ ಅಮ್ಮ ಜಗುಲಿಗೆ ಬಂದಳು. ನಮ್ಮನ್ನು ಕಳಿಸಿಕೊಡಲು, ಎಂದಿನಂತೆ. ಗಾಡಿ ನೋಡಿದಳು. ಒಳಗೆ ಹೋದಳು.

ಮತ್ತೆ ಬಂದಾಗ ಮೈಮೇಲೆ ಒಗೆದ ಸೀರೆ. ಕಂಕುಳಲ್ಲಿ ಬಟ್ಟೆ ಗಂಟು. ಕೈಯಲ್ಲಿ ದೇವರ ಗೂಡಿನ ಸೀಸೆ.

ಯಾರನ್ನೂ ಕೇಳಲಿಲ್ಲ. ನೆಟ್ಟಗೆ ಗಾಡಿಯ ಹಿಂದಕ್ಕೆ ಹೋಗಿ ನಿಂತಳು. ಬೋರಯ್ಯನಿಗೆ ಬೇರೆ ಅಪ್ಪಣೆ ಬೇಕಾಗಲಿಲ್ಲ. ಎತ್ತುಗಳ ಕೊರಳು ಬಿಚ್ಚಿ, ಗಾಡಿಯ ಮುಂದಿನ ಉದ್ದನೆಯ ಮರ ಇರುತ್ತದಲ್ಲ, ಮೂಕಿ, ಅದನ್ನು ಎರಡು ಕೈಯಲ್ಲಿ ಹಿಡಿದು ತಲೆಯ ಮೇಲಕ್ಕೆ ಎತ್ತಿದ. ಮುಂದೆ ಮೇಲೇರಿತು, ಹಿಂದೆ ಕೆಳಗಿಳಿಯಿತು. ಗಾಡಿಯ ಬಾಲ ನೆಲ ಮುಟ್ಟಿತು. ಅಮ್ಮ ಕಾಲೆತ್ತಿ ಹತ್ತಬೇಕಾಗಲೇ ಇಲ್ಲ. ಹೊಸಿಲು ದಾಟಿ ಕೋಣೆಗೆ ಹೋದಂತೆ ಒಳಗೆ ಹೋದಳು.

"ಗಾಡೀಲಿ ಹೋದ್ರೆ ಎರಡು ದಿನ ಹಿಡೀತದೆ ಕಣೇ!" ಅಪ್ಪ ಅಂದರು.

ಪರದೆಯ ಹಿಂದಿನಿಂದ ಅಮ್ಮನ ದನಿ: "ಎಂಟು ವರ್ಸ ಕಾದಿವ್ನಿ. ಇನ್ನೆಲ್ಡು ದಿನ ಯಾವ್ ಲೆಕ್ಕ?"

ನಾನೂ ಓಡಿ ಗಾಡಿಗೆ ನುಗ್ಗಿದೆ. ಅಪ್ಪ ಪೊಸಿಷನ್ ಬಿಡಲಿಲ್ಲ. ಕಾರಿನಲ್ಲಿ ನಾಳೆ ಹೊರಟು ಬಂದು ನಿಮ್ಮನ್ನು ಕೂಡಿಕೊಳ್ಳುತ್ತೇನೆ ಅಂದರು.

ಆ ಪ್ರಯಾಣವನ್ನು ಏನು ಹೇಳಲಿ! ಅಡಿಯಲ್ಲಿ ನೆಲ್ಲುಹುಲ್ಲು, ಮೇಲೆ ಜಮಖಾನ. ಮೈಗೆಲ್ಲ ಅರಿಶಿನದ ಘಮ, ಕೀಲೆಣ್ಣೆಯ ವಾಸನೆ. ಮೋಟಾರಿನಲ್ಲಿ ಕಣ್ಣು ಮುಚ್ಚಿ ಕೂರುತ್ತಿದ್ದ ಅಮ್ಮ ಇಲ್ಲಿ ಕಿಟಕಿಯಿಂದ ತಲೆ ಒಳಗೆ ತೆಗೆಯಲಿಲ್ಲ. ದಾರಿಯವರನ್ನೆಲ್ಲ ಮಾತಾಡಿಸಿದಳು. "ಯಾವೂರಾಯ್ತವ್ವ? ಬೆಳೆ ಎಂಗೈತೆ?" ನನಗೆ ಪರಿಚಯವೇ ಇಲ್ಲದ ಅಮ್ಮ. ಹಲಗೂರಿನ ಬಳಿ ಮಾವಿನ ತೋಪಿನಲ್ಲಿ ತಂಗಿದೆವು. ಮೂರು ಕಲ್ಲು ಹೂಡಿ ಅನ್ನ, ಹುಳಿ. ನಮಿತಾಳ ಸಿಂಕು, ಫ್ರಿಜ್ಜು ನೆನಪಾಗಿ ಈಗ ನಗು ಬರುತ್ತದೆ. ನಮಗೆ ಹಳ್ಳವೇ ಸಿಂಕು, ಮಣ್ಣಿನ ಹೂಜಿಯೇ ಫ್ರಿಜ್ಜು. (ಕಕ್ಕಸಿನ ವಿಷಯ ಕೇಳಬೇಡಿ. ಕಾಡು ದೊಡ್ಡದಿತ್ತು.)

ಮಾರನೆಯ ದಿನ ಕಾಡಿನ ದಾರಿಯಲ್ಲಿ ಹಿಂದಿನಿಂದ ಡಬಡಬ ಸದ್ದು. ಕಾರು! ಅಪ್ಪ ಹ್ಯಾಟು ಬೀಸುತ್ತ ನಮ್ಮನ್ನು ದಾಟಿ ಹೋದರು. ಬೋರಯ್ಯ ಧೂಳು ಉಗಿದು, "ಓಗ್ಲಿ ಬುಡಿ. ಮುಂದೆ ಏರೈತೆ" ಅಂದ.

ಏರು ಇತ್ತು. ಅರ್ಧ ಏರಿನಲ್ಲಿ ಕಾರು ನಿಂತಿತ್ತು. ಅಪ್ಪ ಕೋಟು ಕಳಚಿ, ಹ್ಯಾಟಿನಿಂದ ಇದ್ದಿಲ ಒಲೆಗೆ ಗಾಳಿ ಹಾಕುತ್ತಿದ್ದರು. ಮುಖ, ಶರ್ಟು ಎಲ್ಲ ಒಂದೇ ಬಣ್ಣ. ಅಮ್ಮ ಕಿಟಕಿಯ ಪರದೆ ಸರಿಸಿ ನೋಡಿದಳು.

"ಅತ್ಕಳಿ. ನಮ್ದು ಬರೀ ಉಲ್ಲು ತಿಂತದೆ."

ಅಪ್ಪ ಕಂಟ್ರ್ಯಾಕ್ಟರ ಕಡೆ ನೋಡಿದರು. ಹ್ಯಾಟಿನ ಕಡೆ ನೋಡಿದರು. ಬಂದು ಹತ್ತಿದರು.

"ತಲೆ ಬಗ್ಸಿ ಬುದ್ಧಿ" ಅಂದ ಬೋರಯ್ಯ. "ಕಮಾನು ತಾಗ್ತದೆ."

ಮುತ್ತತ್ತಿಯಲ್ಲಿ ಅಮ್ಮ ಸೀರೆಯುಟ್ಟಂತೆಯೇ ಹೊಳೆಗೆ ಇಳಿದಳು. ಮೂರು ಸಲ ಮುಳುಗಿದಳು. ನೀರಿಳಿಯುವ ಸೀರೆಯಲ್ಲಿ ನನ್ನ ಕೈ ಹಿಡಿದುಕೊಂಡು ಮುತ್ತತ್ತಿರಾಯನ, ಅಂದರೆ ಹನುಮಂತನ ಮುಂದೆ ನಿಂತಳು. ದೊಡ್ಡ ಪ್ರಾರ್ಥನೆ ಏನೋ ಮಾಡುತ್ತಾಳೆ ಅಂದುಕೊಂಡಿದ್ದೆ. ನನಗೆ ಕೇಳಿಸಿದ್ದು ಇಷ್ಟೇ:

"ಬಂದೆ ಕಣಪ್ಪ."

ಆಮೇಲೆ ಮತ್ತೆ ಹೊಳೆಗೆ ಬಂದು, ಸೀಸೆಯ ಬಿರಡೆ ತೆಗೆದು, ಹೋದ ವರ್ಷದ ನೀರನ್ನು ಕಾವೇರಿಗೇ ಸುರಿದಳು. ಅಪ್ಪ ತುಂಬಿಸಿಕೊಡಲು ಕೈ ಚಾಚಿದರು. ಅಮ್ಮ ಕೊಡಲಿಲ್ಲ. ಖಾಲಿ ಸೀಸೆಯನ್ನು ಗಂಟಿನಲ್ಲಿಟ್ಟು ಕಟ್ಟಿದಳು. ಮುಂದೆ ನಮ್ಮ ಮನೆಯಲ್ಲಿ ಅದರಲ್ಲಿ ಹರಳೆಣ್ಣೆ ಇರುತ್ತಿತ್ತು.

ಇದೆಲ್ಲ ನೆನೆಯುತ್ತ ಕೂತಿದ್ದೆನೋ ಏನೋ, ನಮಿತಾ ಭುಜ ಅಲ್ಲಾಡಿಸಿದಳು. ಟ್ಯಾಬ್ಲೆಟ್ಟಿನಲ್ಲಿ ಅವಳಿಗೆ ತುಂಬಾ ಇಷ್ಟವಾದ ಮಾಡೆಲ್. ನಿಜವಾಗಿ ಚೆಂದವಿತ್ತು. ಹಳದಿ ಬಣ್ಣ, ಪುಟ್ಟ ಕಿಟಕಿ, ಪರದೆ ಕೂಡ. ಬಾಗಿಲು ಮಾತ್ರ ನೆಲದಿಂದ ಎದೆಯೆತ್ತರಕ್ಕೆ. ಅದಕ್ಕೊಂದು ಕಡ್ಡಿಯಂಥ ಕಬ್ಬಿಣದ ಏಣಿ. ನನ್ನ ಮಂಡಿ ಆ ಫೋಟೋ ನೋಡಿಯೇ ಕಟಕ್ಕೆಂದಿತು.

ವಿಡಿಯೋ ಕಳಿಸುತ್ತಾಳಂತೆ. ಸೀಸೆಯಲ್ಲಿ ಕಾವೇರಿ.

"ಹೇಳಿ ಅಜ್ಜಿ, ಹೇಗಿದೆ? ಇನ್ನೇನಾದರೂ ವಿಚಾರಿಸಬೇಕಾ?"

"ಎಲ್ಲ ಸರಿ ಇದೆ ಮಗಳೇ," ಅಂದೆ. "ಇದರ ಮೂಕಿ ಎತ್ತಿ ಹಿಡಿಯೋರು ಯಾರು?"