ಪಿಳ್ಳಣ್ಣನ ಮೇಕೆ ಸ್ಟ್ಯಾಂಡು

ಕೊಡಿಗೆಹಳ್ಳಿಯ ಪಿಳ್ಳಣ್ಣ ಪೀಣ್ಯದ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿದ್ದು ನಿವೃತ್ತನಾದವನು. ಸಡಿಲವಾದ ಬೋಲ್ಟು ಕಂಡರೆ ಬಿಗಿ ಮಾಡದೆ ಮುಂದೆ ಹೋಗುವ ಜಾಯಮಾನ ಅವನದಲ್ಲ. ಸಹಕಾರನಗರದ ಪಾರ್ಕಿನಲ್ಲಿ ಉಯ್ಯಾಲೆಯೊಂದನ್ನು ಹೀಗೇ ಬಿಗಿ ಮಾಡಿದ್ದ. ಅದು ಆಮೇಲೆ ತೂಗಲೇ ಇಲ್ಲ. ಇಂಥವನ ಕೈಗೆ ಸಿಕ್ಕದೆ ಉಳಿದಿದ್ದು ಹಿತ್ತಲಿನ ಮೇಕೆ ಕೆಂಚಿ ಮಾತ್ರ. ಅದು ಹೆಂಡತಿ ನಾರಾಯಣಮ್ಮನ ಸ್ವತ್ತು.

ಆ ನಾರಾಯಣಮ್ಮನ ಮಂಡಿ ಕೈಕೊಟ್ಟಿತು. ಡಾಕ್ಟರು ಇನ್ನು ನೆಲಕ್ಕೆ ಕೂರಲೇಬೇಡಿ ಎಂದರು. ನೆಲಕ್ಕೆ ಕೂರದೆ ಮೇಕೆಯ ಹಾಲು ಕರೆಯುವುದು ಹೇಗೆಂದು ಅವರು ಹೇಳಲಿಲ್ಲ. ಬೇರೆ ಯಾರು ಕೆಚ್ಚಲಿಗೆ ಕೈಹಾಕಿದರೂ ಕೆಂಚಿ ಹಾಲು ಇಳಿಸುವ ಮೇಕೆಯಲ್ಲ. ಕೊನೆಗೆ ನಾರಾಯಣಮ್ಮನೇ, ಭಾನುವಾರ ಬಂದು ಮೇಕೆ ಹೊಡೆದುಕೊಂಡು ಹೋಗು ಎಂದು ದಾಸರಹಳ್ಳಿಯ ಖಾದರ್ ಬಾಷಾನಿಗೆ ಹೇಳಿ ಕಳಿಸಿದಳು. ಅವನ ಬಳಿ ಆಗಲೇ ಒಂದಷ್ಟು ಮೇಕೆಗಳಿದ್ದವು. ಹೇಳಿ ಕಳಿಸಿದ ದಿನ ಸಾರಿಗೆ ಉಪ್ಪು ಬೀಳಲಿಲ್ಲ. ಪಿಳ್ಳಣ್ಣ ಸಪ್ಪೆ ಸಾರು ಉಂಡು ಎದ್ದು, ಕೈ ತೊಳೆದು ಬಂದು ಹೇಳಿದ:

“ಕೊಡೋದೇನ್ ಬ್ಯಾಡ. ನಾನೊಂದು ಸ್ಟ್ಯಾಂಡ್ ಮಾಡ್ತೀನಿ. ಅವಳು ಮ್ಯಾಲೆ ನಿಂತ್ಕೊಳ್ಲಿ, ನೀನು ಕುರ್ಚಿ ಆಕ್ಕೊಂಡು ಕರಿ.”

ಸ್ಟ್ಯಾಂಡಿನ ಕಾಲುಗಳಿಗೆ ಕಾರ್ಖಾನೆಯ ಹಳೆಯ ಪ್ಯಾಕಿಂಗ್ ಮರ ಸಿಕ್ಕಿತು. ಹಲಗೆಗೆಂದು ಅಟ್ಟ ಹತ್ತಿದವನು ಬಹಳ ಹೊತ್ತು ಇಳಿಯಲಿಲ್ಲ. ಅಲ್ಲಿ ಹಿಂದೆ ಅವರಿಗಿದ್ದ ದನದ ಕೊಟ್ಟಿಗೆಯ ಗೋದಲಿಯ ಹಲಗೆಗಳಿದ್ದವು. ಈಗ ಸಾಲುಮನೆಗಳಿರುವ ಕಡೆಯೆಲ್ಲ ಮೇಯ್ದು ಬಂದ ಹಸುಗಳು ಹುಲ್ಲಿಗೆ ಬಗ್ಗಿ ಬಗ್ಗಿ, ಕತ್ತು ತಾಗಿದ ಕಡೆ ಹಲಗೆಯನ್ನು ಕನ್ನಡಿಯಂತೆ ತೇಯ್ದಿದ್ದವು. ಅವ್ವ ರತ್ನವ್ವ ಹಸುವಿನ ಪಕ್ಕ ಕೂತು, ಮಂಡಿಗಳ ನಡುವೆ ತಂಬಿಗೆ ಇಟ್ಟುಕೊಂಡು ಕರೆಯುತ್ತಿದ್ದಳು. ತಳಕ್ಕೆ ಬಿದ್ದಾಗ ಟಣ್ಣೆನ್ನುತ್ತಿದ್ದ ಹಾಲು ತಂಬಿಗೆ ತುಂಬುತ್ತ ಬಂದಂತೆ ಮೆತ್ತಗೆ ಮಾತಾಡುತ್ತಿತ್ತು. ಪಿಳ್ಳಣ್ಣ ಹಲಗೆಯನ್ನು ಮೂಸಿ ನೋಡಿದ. ಧೂಳಿನ ವಾಸನೆ ಮಾತ್ರ ಬಂತು. ಸೀನಿದ.

ಶನಿವಾರದ ಹೊತ್ತಿಗೆ ಸ್ಟ್ಯಾಂಡು ಸಿದ್ಧವಾಯಿತು. ಮುಂದೆ ಕತ್ತು ಸಿಕ್ಕಿಸಲು ಎರಡು ಪಟ್ಟಿ, ಹಿಂಡಿಗೊಂದು ಡಬ್ಬ. ಮೇಕೆ ಹಿಂದಕ್ಕೆ ಜಾರಿ ಬಿದ್ದೀತೆಂದು ಹಿಂಭಾಗಕ್ಕೆ ಗೋದಲಿಯ ಅಗಲವಾದ ಹಲಗೆ. ಬೋಲ್ಟುಗಳು ಎಂದೂ ಸಡಿಲವಾಗಬಾರದೆಂದು ನಟ್ಟುಗಳಿಗೆ ವೆಲ್ಡಿಂಗ್ ಮಾಡಿಸಿಕೊಂಡು ಬಂದ. ಅವ್ವ ಕೂರುತ್ತಿದ್ದ ಹಾಗೆಯೇ ಪಕ್ಕಕ್ಕೆ ಕುರ್ಚಿ ಹಾಕಿದ.

ಭಾನುವಾರ ಖಾದರ್ ಬಾಷಾ ಹಗ್ಗ ಹಿಡಿದು ಬಂದ. ಹತ್ತುವುದೆಂದರೆ ಮೇಕೆಗೆ ಹೇಳಿಕೊಡಬೇಕೆ? ಕೆಂಚಿ ಒಂದೇ ನೆಗೆತಕ್ಕೆ ಮೇಲೆ ಹೋಗಿ ಹಿಂಡಿಗೆ ಬಾಯಿ ಹಾಕಿತು. ನಾರಾಯಣಮ್ಮ ಪಾತ್ರೆ ಹಿಡಿದು ಸ್ಟ್ಯಾಂಡನ್ನು ಒಂದು ಸುತ್ತು ಬಂದಳು. ತಿರುಗಿ ಇನ್ನೊಂದು ಸುತ್ತು ಬಂದಳು.

“ಮಾವ, ನಾನೆಲ್ಲಿ ಕೂರ್ಲಿ?” ಎಂದು ಗಂಡನನ್ನು ಕೇಳಿದಳು.

“ಕುರ್ಚಿ ಕಾಣಕ್ಕಿಲ್ವ?”

“ಅದು ಅಸ ಕರಿಯೋ ಜಾಗ. ನಾನು ಮೇಕೇನ ಇಂದ್ಗಡೆಯಿಂದ ಅಲ್ವ ಕರಿಯೋದು? ಅಲ್ಲಿ ನೀನು ಗೋಡೆ ಕಟ್ಟಿಬಿಟ್ಟಿದ್ದೀಯ.”

“ಯಾವಾಗಿಂದ ಇಂದ್ಗಡೆಯಿಂದ?”

“ಮದ್ವೆಯಾದಾಗಿಂದ.”

ಖಾದರ್ ಬಾಷಾ ನಗು ಮುಚ್ಚಿಕೊಳ್ಳಲು ಹಗ್ಗದ ಗಂಟು ಬಿಚ್ಚುವವನಂತೆ ಅತ್ತ ತಿರುಗಿದ. ಗಂಡಸರ ಹಣೆಬರಹವೇ ಅಷ್ಟು. ಪಿಳ್ಳಣ್ಣ ಫಸ್ಟ್ ಶಿಫ್ಟಿಗೆ ಏಳುವ ಹೊತ್ತಿಗೆ ಟೀ ಕೈಗೆ ಬರುತ್ತಿತ್ತು. ಅದರಲ್ಲಿ ಸಕ್ಕರೆ ಕಡಿಮೆಯಾದರೆ ಪತ್ತೆ ಹಚ್ಚುತ್ತಿದ್ದವನು ಹಾಲು ಕರೆಯುವ ಕಡೆ ಎಂದೂ ತಲೆ ಹಾಕಿರಲಿಲ್ಲ.

ನಾರಾಯಣಮ್ಮ ಪಕ್ಕದಲ್ಲೇ ಕೂತು ನೋಡಿದಳು. ಕೆಂಚಿ ಕಾಲು ಝಾಡಿಸಿ ಪಾತ್ರೆಯನ್ನು ತುಳಸಿಕಟ್ಟೆಗೆ ಕಳಿಸಿತು. ಪಿಳ್ಳಣ್ಣ ಸ್ಪ್ಯಾನರ್ ತಂದ. ಆದರೆ ವೆಲ್ಡಿಂಗ್ ಅವನದೇ ಉಸ್ತುವಾರಿಯಲ್ಲಿ ಆದದ್ದು, ಕದಲಲಿಲ್ಲ. ಇನ್ನು ಉಳಿದದ್ದು ಗರಗಸ. ಅದನ್ನು ಹಲಗೆಯ ಮೇಲಿಟ್ಟವನು ಹಾಗೇ ನಿಂತ. ಹಲ್ಲುಗಳು ಕೂತದ್ದು ಸರಿಯಾಗಿ ಹಸುಗಳ ಕತ್ತು ತೇಯ್ದ ಆ ನುಣುಪಿನ ಮೇಲೆ.

“ಬಿಡು ಮಾವ,” ಎಂದಳು ನಾರಾಯಣಮ್ಮ ಮೆಲ್ಲಗೆ. “ಅತ್ತೆ ಕಾಲದ ಅಲಗೆ. ಕೆಂಚಿ ಬಾಷಣ್ಣನ ಅಟ್ಟೀಲಿ ಚೆನ್ನಾಗೇ ಇರ್ತಾಳೆ.”

ಹಾಗೆ ಹೇಳುವಾಗ ಅವಳು ಕೆಂಚಿಯ ಕಿವಿಯನ್ನು ಸವರುತ್ತಿದ್ದಳು, ಅವನ ಮುಖ ನೋಡಲಿಲ್ಲ. ಪಿಳ್ಳಣ್ಣ ಗರಗಸ ಎಳೆದ. ಹಳೆಯ ಮರ, ಸುಲಭಕ್ಕೆ ಜಗ್ಗಲಿಲ್ಲ. ಖಾದರ್ ಬಾಷಾ ಹಗ್ಗವನ್ನು ನೆಲಕ್ಕಿಟ್ಟು ಬಂದು ಹಲಗೆಯ ಇನ್ನೊಂದು ತುದಿ ಹಿಡಿದ. “ನಿಧಾನ, ಪಿಳ್ಳಣ್ಣೋರೆ. ನನ್ನ ಕೈಯೂ ಇಲ್ಲೇ ಇದೆ” ಎಂದ.

ಹಲಗೆ ಎರಡಾಯಿತು. ಕುರ್ಚಿ ಹಿಂದಕ್ಕೆ ಹೋಯಿತು. ಕೆಂಚಿ ಒಮ್ಮೆ ತಿರುಗಿ ನೋಡಿ, ಪರಿಚಯದ ಕೈಯೆಂದು ಖಾತ್ರಿ ಮಾಡಿಕೊಂಡು ಹಾಲು ಇಳಿಸಿತು. ಪಿಳ್ಳಣ್ಣ ನೆಲದ ಮೇಲೆ, ಮರದ ಪುಡಿಯಲ್ಲೇ ಕೂತು ನೋಡುತ್ತಿದ್ದ.

“ಏನ್ ಅಂಗ್ ನೋಡ್ತಿದ್ದೀಯ?” ಎಂದಳು ನಾರಾಯಣಮ್ಮ.

“ನೀನ್ ಎಲ್ಲಿ ಕೂರ್ತೀಯ ಅಂತ.”