ಮೀನಿನ ತೊಟ್ಟಿಯಲ್ಲಿ ಮಾವನವರ ಬಾವಿ

ಒಟ್ಟು ಎರಡು ಸಾವಿರದ ಮುನ್ನೂರು ರೂಪಾಯಿ ಬಿತ್ತು. ಗಾಜಿನ ತೊಟ್ಟಿಗೇ ಸಾವಿರದ ಐನೂರು. ಉಳಿದದ್ದು ಸಿಮೆಂಟು, ಬಣ್ಣದ ಪುಡಿ, ಸಿಲಿಕೋನ್ ಅಂಟು, ಎಂಟು ಮೀನು. ಥರ್ಮಾಕೋಲಿಗೆ ಮಾತ್ರ ಕಾಸು ಕೊಡಲಿಲ್ಲ. ನಮ್ಮ ಪಕ್ಕದ ಫ್ರಿಜ್ ಅಂಗಡಿಯವರು ಹೊರಗೆಸೆಯುವ ಪ್ಯಾಕಿಂಗನ್ನು ಎತ್ತಿಕೊಂಡು ಬಂದೆ. ಇಷ್ಟೆಲ್ಲ ಯಾಕೆ ಎಂದು ಕೇಳಿದವರಿಗೆ, ಹಾಲ್ ಚೆಂದ ಕಾಣಲಿ ಅಂತ ಎಂದು ಹೇಳಿದ್ದೇನೆ. ಇಲ್ಲಿ ಮಾತ್ರ ನಿಜ ಬರೆಯುತ್ತೇನೆ. ಅಕ್ಕಲಕೋಟದಲ್ಲಿ ನನ್ನ ಸಡ್ಡಕ, ಅಂದರೆ ನನ್ನ ಹೆಂಡತಿಯ ತಂಗಿಯ ಗಂಡ, ಅಂಥದೊಂದು ತೊಟ್ಟಿ ಮಾಡಿಟ್ಟಿದ್ದ. ನಮ್ಮ ಮಾವನವರು ಅದರ ಮುಂದಿನಿಂದ ಏಳುತ್ತಿರಲಿಲ್ಲ. ಅದನ್ನು ನೋಡಿ ನನ್ನ ಹೊಟ್ಟೆ ಉರಿಯಿತು. ಕಾರಣ ಅಷ್ಟೇ.

ಸೊಲ್ಲಾಪುರದಲ್ಲಿ ನನ್ನದು ಚಾದರ, ಟವೆಲ್ ಅಂಗಡಿ. ನೇಯ್ಗೆ ತಪ್ಪಿದ ಚಾದರಗಳನ್ನು ಅಗ್ಗಕ್ಕೆ ಹಿಡಿದು, ಹೆಗಲ ಮೇಲೆ ಹೊತ್ತು ಹೋಟಗಿಯ ಓಣಿ ಓಣಿ ಮಾರಿ ಮೇಲೆ ಬಂದವನು ನಾನು. ಮಾವನವರ ಊರು ಅಕ್ಕಲಕೋಟದಿಂದ ದುಧನಿಗೆ ಹೋಗುವ ದಾರಿಯಲ್ಲಿದೆ. ಹದಿನೆಂಟು ವರ್ಷ ಆ ಮನೆಯವರು ನನ್ನನ್ನು ಕೇಳದೆ ಒಂದು ಪೈಪನ್ನೂ ಕೊಂಡಿಲ್ಲ. ಬಾವಿ ಆಳ ಮಾಡಿಸುವಾಗ ಕಲ್ಲು ಒಡೆಯುವವರ ಜೊತೆ ಅಡಿಗೆ ಇಷ್ಟು ಎಂದು ಕುದುರಿಸಿದವನೂ ನಾನೇ. ಸಡ್ಡಕನದು ಸುಟ್ಟ ಮೋಟಾರುಗಳಿಗೆ ತಂತಿ ಸುತ್ತುವ ಕೆಲಸ. ಮಾತು ಕಡಿಮೆ. ಅಂಗಡಿಯವನು ಎಷ್ಟು ಹೇಳಿದರೂ ಹೂಂ ಎಂದು ಕೊಟ್ಟು ಬರುವ ಮನುಷ್ಯ. ಅವನ ಜೊತೆ ಬಜಾರಿಗೆ ಹೋದರೆ ನನಗೆ ತಲೆ ನೋಯುತ್ತದೆ.

ಎರಡು ವರ್ಷದಿಂದ ಮಾವನವರಿಗೆ ಮೊಣಕಾಲಿನ ತ್ರಾಸು. ಹೊಲದ ಬದು ದಾಟಲಾಗುವುದಿಲ್ಲ; ತಮ್ಮ ಬಾವಿಯಲ್ಲಿ ಇಣುಕಿ ನೋಡಿಯೇ ಅವರಿಗೆ ಎರಡು ವರ್ಷವಾಗಿತ್ತು. ಆಪರೇಷನ್ ಸೊಲ್ಲಾಪುರದಲ್ಲಿ ಎಂದು ಗೊತ್ತಾಯಿತು. ಆಮೇಲೆ ಎರಡು ತಿಂಗಳು ಅವರು ನಮ್ಮಲ್ಲೇ ಇರಬೇಕೆಂದು ನಾನು ನಿಶ್ಚಯ ಮಾಡಿದೆ. ಕೆಳಗಿನ ಕೋಣೆ ಖಾಲಿ ಮಾಡಿಸಿದೆ, ಕೂತೇಳಲು ಅನುಕೂಲವಾಗಲಿ ಎಂದು ಕಮೋಡ್ ಹಾಕಿಸಿದೆ. ಹಿರಿಯ ಅಳಿಯನ ಮನೆಯಿರುವಾಗ ಅವರು ಇನ್ನೆಲ್ಲಿ ಇರಬೇಕು?

ಒಂದು ಗುರುವಾರ ಅಕ್ಕಲಕೋಟದ ಗುಡಿಯಲ್ಲಿ ದರ್ಶನ ಮುಗಿಸಿಕೊಂಡು ನಾನೂ ಹೆಂಡತಿಯೂ ಸಡ್ಡಕನ ಮನೆಗೆ ಹೋದೆವು. ಮಾವನವರು ಅಲ್ಲಿಗೆ ಬಂದು ವಾರವಾಗಿತ್ತು. ಹಾಲಿನಲ್ಲಿ ಕುರ್ಚಿ ಹಾಕಿಕೊಂಡು, ಊರುಗೋಲಿನ ಮೇಲೆ ಗದ್ದವಿಟ್ಟು, ತೊಟ್ಟಿಯನ್ನೇ ನೋಡುತ್ತ ಕೂತಿದ್ದರು.

"ಏನ್ ನೋಡಾಕತ್ತೀರಿ ಮಾವಾರ?"

"ಬಾವಿ ನೋಡಾಕತ್ತೀನಿ, ಅಳಿಯಾರ. ಬರ್ರಿ, ಕೂಡ್ರಿ. ಇಲ್ಲಿ ನೋಡ್ರಿ, ಮ್ಯಾಲ ಎರಿ ಮಣ್ಣ. ಅದರ ಕೆಳಗ ಕೆಂಪ ಮುರುಮ. ಆಮ್ಯಾಲ ಕರಿಗಲ್ಲ. ಆ ಸಂದ್ಯಾಗಿಂದ ನಮ್ಮ ಸೆಲಿ ಬರ್ತದಲ್ಲ, ಅದನ್ನೂ ಬಿಟ್ಟಿಲ್ಲ ಇವ."

ನಾನು ಬಗ್ಗಿ ನೋಡಿದೆ. ತೊಟ್ಟಿಯ ಹಿಂದಿನ ಗಾಜಿಗೆ ಒಂದು ಬಂಡೆಗೋಡೆ ಅಂಟಿಕೊಂಡಿತ್ತು. ಪದರ ಪದರವಾಗಿ ಅಡ್ಡ ಮಲಗಿದ ಕಲ್ಲು, ನಡುವೆ ಬಿರುಕು, ಬಿರುಕಿನಲ್ಲಿ ಪಾಚಿಯ ಹಸಿರು. ಗಾಳಿಯ ಕೊಳವೆಯನ್ನು ಹಿಂದೆ ಅಡಗಿಸಿಟ್ಟಿದ್ದ. ಮಾವನವರು ತೋರಿಸಿದ ಸಂದಿಯಿಂದಲೇ ಗುಳ್ಳೆಗಳು ಏಳುತ್ತಿದ್ದವು. ಹತ್ತಿರ ಹೋದರೂ ಕಲ್ಲಲ್ಲ ಎಂದು ತಿಳಿಯುವಂತಿರಲಿಲ್ಲ.

"ಥರ್ಮಾಕೋಲ್ ಅದ ಅದು ಮಾವಾರ. ಮ್ಯಾಲ ಸಿಮೆಂಟ ಹಚ್ಯಾನ, ಅಷ್ಟ."

"ಇರವಲ್ದ್ಯಾಕ. ನಾ ಬಾವಿಗಿ ಹೋಗಾಕ ಆಗವಲ್ದು, ಬಾವೀನೆ ಇಲ್ಲಿಗಿ ಬಂದದ." ಅಷ್ಟಕ್ಕೆ ನಿಲ್ಲಲಿಲ್ಲ ಅವರು. "ಆಪರೇಷನ್ ಸೊಲ್ಲಾಪುರದಾಗ ಆಗಲಿ. ಆದಮ್ಯಾಲ ನಾ ಇಲ್ಲೇ ಇರ್ತೀನ್ರಿ."

ಸಡ್ಡಕ ಅಡುಗೆಮನೆಯ ಬಾಗಿಲಲ್ಲಿ ಚಹಾದ ಕಪ್ಪು ಹಿಡಿದು ನಿಂತಿದ್ದ. ಗೆದ್ದವನ ಮುಖ ಮಾಡಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಅವನು ಸುಮ್ಮನೆ ನೆಲ ನೋಡಿದ.

ಸೊಲ್ಲಾಪುರ ಮುಟ್ಟುವವರೆಗೆ ಗಾಡಿಯ ಹಾರ್ನ್ ಒತ್ತುತ್ತಲೇ ಬಂದೆ. ಮನೆ ಹತ್ತಿರ ಬಂದಾಗ ಹೆಂಡತಿ ಮೆಲ್ಲಗೆ ಕೇಳಿದಳು: "ಕಮೋಡ್ ದಂಡ ಆತಂತ ಸಿಟ್ಟೇನ್ರಿ?"

ಮರುದಿನವೇ ಮೀನಿನ ಅಂಗಡಿಗೆ ಹೋದೆ. ಯಾರೋ ಮಾರಿ ಹೋದ ನಾಲ್ಕಡಿ ತೊಟ್ಟಿಯೊಂದಿತ್ತು; ಸಡ್ಡಕನದು ಮೂರಡಿ.

"ಎರಡೂವರಿ ಸಾವಿರ ಆಗ್ತದ್ರಿ ಶೇಟ."

"ಈ ಮೂಲಿಗಿ ಚಕ್ಕಿ ಎದ್ದದಲ್ಲೋ."

"ಚಕ್ಕಿ ಎದ್ರ ನೀರೇನ್ ಸೋರಂಗಿಲ್ರಿ."

"ನೀರ ಸೋರಂಗಿಲ್ಲ, ಖರೆ. ಗಿರಾಕಿ ಸೋರ್ತಾನ. ಎಷ್ಟ ದಿನಾತು ಇದು ಇಲ್ಲೇ ಕುಂತು? ಸಾವಿರ ತಗೋ."

"ಪರವಡಂಗಿಲ್ರಿ ಶೇಟ."

ಎರಡು ಸಲ ಅಂಗಡಿಯ ಮೆಟ್ಟಿಲಿಳಿದು, ಎರಡು ಸಲ ಕರೆಸಿಕೊಂಡು, ಸಾವಿರದ ಐನೂರಕ್ಕೆ ಫಿಲ್ಟರ್ ಸಮೇತ ಮುಗಿಸಿದೆ. ಥರ್ಮಾಕೋಲಿನ ಬಂಡೆ ಮಾಡುವವನಿದ್ದೇನೆ ಎಂದಿದ್ದೆ; ಹಣ ಎಣಿಸುತ್ತ ಅವನು ಹೇಳಿದ: "ಸಿಮೆಂಟ ಹಚ್ಚಿದ ಹಲಗಿ ಹದಿನೈದ ದಿನ ನೀರಾಗ ನೆನಸ್ರಿ. ದಿನಾ ನೀರ ಬದಲ ಮಾಡ್ರಿ. ಸುಣ್ಣದ ಖಾರ ಹೋಗಬೇಕು, ಇಲ್ಲಂದ್ರ ಮೀನ ಉಳಿಯಂಗಿಲ್ಲ." ಇನ್ನೇನೋ ಔಷಧ ಮಾರುವುದಕ್ಕೆ ಪೀಠಿಕೆ ಹಾಕುತ್ತಿದ್ದಾನೆ ಎಂದುಕೊಂಡು ಹೊರಬಿದ್ದೆ.

ಮೊದಲಿಗೆ ಥರ್ಮಾಕೋಲಿನಲ್ಲಿ ಮಾವನವರ ಬಾವಿಯನ್ನೇ ಕೊರೆಯಬೇಕೆಂದು ಕೂತೆ. ಕೈ ಓಡಲಿಲ್ಲ. ಆ ಬಾವಿ ಎಷ್ಟು ಅಡಿ, ಮೋಟಾರು ಎಷ್ಟು ತಾಸು ನಡೆಯುತ್ತದೆ, ಪೈಪು ಯಾವ ದರದ್ದು, ಎಲ್ಲ ಬಾಯಲ್ಲೇ ಇದೆ. ಯಾವ ಕಲ್ಲಿನ ಕೆಳಗೆ ಯಾವ ಕಲ್ಲು ಎಂಬುದು ಗೊತ್ತಿರಲಿಲ್ಲ. ಹದಿನೆಂಟು ವರ್ಷ ಅದರ ದಂಡೆಯ ಮೇಲೆ ನಿಂತು ವ್ಯವಹಾರ ಮಾತಾಡಿದ್ದೇನೆ, ಒಳಗೆ ನೋಡಿಲ್ಲ. ಫೋನ್ ಮಾಡಿ ಮಾವನವರನ್ನೇ ಕೇಳಬಹುದಿತ್ತು. ಆದರೆ ಅವರು ನನ್ನನ್ನು ಕೇಳುವವರು. ನಾನು ಅವರನ್ನು ಕೇಳುವುದು ಹೇಗೆ? ಮೊಬೈಲಿನಲ್ಲಿ ಒಂದು ಗುಡ್ಡದ ಚಿತ್ರ ಹುಡುಕಿದೆ. ಚೂಪು ಶಿಖರ, ಗುಹೆ, ನಡುವೆ ಜಲಪಾತ. ಬಾವಿಗಿಂತ ಗುಡ್ಡ ದೊಡ್ಡದು ಎಂದು ಮನಸ್ಸಿಗೆ ಹೇಳಿಕೊಂಡೆ.

ಚಾಕುವನ್ನು ಗ್ಯಾಸಿನ ಮೇಲೆ ಕಾಯಿಸಿ ಕೊರೆದೆ. ಮನೆಯೆಲ್ಲ ಹೊಗೆಯ ಕೆಟ್ಟ ವಾಸನೆ. ಹೆಂಡತಿ ಕಿಟಕಿ ತೆರೆದು, ಮೂಗಿಗೆ ಸೆರಗು ಕಟ್ಟಿಕೊಂಡು ರೊಟ್ಟಿ ಬಡಿದಳು. ಸಿಮೆಂಟನ್ನು ಮಜ್ಜಿಗೆಯಷ್ಟು ತೆಳ್ಳಗೆ ಕಲಸಿ, ಬ್ರಶ್ಶಿನಿಂದ ಮೂರು ಸಲ ಬಳಿದೆ. ಮೂರನೆಯದಕ್ಕೆ ಕರಿ ಮತ್ತು ಕಂದು ಪುಡಿ ಬೆರೆಸಿದೆ. ಕೆಲಸವೇನೋ ಅಚ್ಚುಕಟ್ಟಾಗಿ ಬಂತು. ಬಂದದ್ದನ್ನು ಬಂತು ಎನ್ನಲು ಸಂಕೋಚವೇಕೆ?

ಆಮೇಲೆ ನೆನೆಸುವ ಮಾತು. ನಮ್ಮ ಓಣಿಗೆ ನಳದ ನೀರು ಐದು ದಿನಕ್ಕೊಮ್ಮೆ. ಡ್ರಮ್ಮು, ಕೊಡ, ಬಕೆಟ್ಟು ತುಂಬಿಟ್ಟುಕೊಂಡು ಅಳೆದು ಬಳಸುವವರು ನಾವು.

"ನಮಗ ಕುಡಿಯಾಕ ತುಟ್ಟಿ ಆಗ್ಯದ, ನಿಮ್ಮ ಗುಡ್ಡಕ್ಕ ದಿನಾ ಜಳಕಾ ಮಾಡಸ್ತೀರೇನ್?" ಎಂದಳು ಹೆಂಡತಿ.

ಅವಳ ಮಾತು ನನಗೂ ಸರಿ ಕಂಡಿತು. ಎರಡು ತುಂಡಾಗಿದ್ದ ಹಲಗೆಯನ್ನು ಒಂದು ಡ್ರಮ್ಮಿನಲ್ಲಿ ಕಲ್ಲು ಹೇರಿ ಮುಳುಗಿಸಿ, ಅದೇ ನೀರಿನಲ್ಲಿ ಐದು ದಿನ ಬಿಟ್ಟೆ. ಆರನೆಯ ದಿನ ಮಾವನವರು ರಕ್ತ ತಪಾಸಣೆಗೆ ಬರುವವರಿದ್ದರು. ಅವರು ನೋಡಬೇಕು, ಮನಸ್ಸು ಬದಲಿಸಬೇಕು. ಹಿಂದಿನ ದಿನವೇ ಹಲಗೆ ಅಂಟಿಸಿ, ನೀರು ತುಂಬಿ, ಬೆಳಿಗ್ಗೆ ಮೀನು ಬಿಟ್ಟೆ.

ಮಾವನವರು ಸಡ್ಡಕನ ಹೆಗಲು ಹಿಡಿದುಕೊಂಡು ಬಂದರು. ಅವರ ಕುರ್ಚಿಯನ್ನು ನಾನೇ ತೊಟ್ಟಿಯ ಮುಂದೆ ಎಳೆದಿಟ್ಟೆ.

"ಚೊಲೊ ಆಗ್ಯದ್ರಿ ಅಳಿಯಾರ. ಭಾಳ ದೊಡ್ಡದ ಆಗ್ಯದ. ಯಾ ಊರದ್ರಿ ಇದು?"

"ಯಾ ಊರದೂ ಅಲ್ರಿ. ಗುಡ್ಡ."

"ಹೂಂ." ಒಂದು ನಿಮಿಷವೂ ಆಗಿರಲಿಕ್ಕಿಲ್ಲ. "ಟಿವಿ ಹಚ್ರಿ ಒಂದಿಷ್ಟ. ತೊಗರಿ ಭಾವ ಏನಾಗ್ಯದ ನೋಡೂಣು."

ನಾನು ರಿಮೋಟ್ ಹುಡುಕುತ್ತಿದ್ದಾಗ ಸಡ್ಡಕ ತೊಟ್ಟಿಯ ಹತ್ತಿರ ನಿಂತಿದ್ದ. ಮೀನುಗಳೆಲ್ಲ ನೀರಿನ ಮೇಲೆ ಬಂದು ಬಾಯಿ ತೆರೆಯುತ್ತಿದ್ದವು. ಎರಡು ಮಗ್ಗುಲಾಗಿ ತೇಲುತ್ತಿದ್ದವು. ಅವನು ನನ್ನನ್ನು ಅಡುಗೆಮನೆಗೆ ಕರೆದ.

"ಅಣ್ಣಾರ, ಹಲಗಿ ಎಷ್ಟ ದಿನ ನೆನಸೀರಿ?"

"ಐದ ದಿನ."

"ನೀರ ಬದಲ ಮಾಡೀರಿಲ್ಲೋ?"

"ನೀರ ಎಲ್ಲದಪಾ ಈ ಊರಾಗ?"

ಅವನು ಸ್ಟೀಲಿನ ಕೊಡದಲ್ಲಿ ಇನ್ನೊಂದು ಡ್ರಮ್ಮಿನ ಕುಡಿಯುವ ನೀರು ತುಂಬಿದ. ಐದು ದಿನ ನಿಂತ ನೀರಿನಲ್ಲಿ ನಳದ ಔಷಧ ಹಾರಿಹೋಗಿರುತ್ತದೆ, ಮೀನಿಗೆ ಒಳ್ಳೆಯದೇ ಎಂದ. ಚಹಾ ಸೋಸುವ ಜಾಳಿಗೆಯಿಂದ ಬದುಕಿದ ಆರನ್ನೂ ಒಂದೊಂದಾಗಿ ಎತ್ತಿ ಬಿಟ್ಟ.

"ಏನಾತೋ?" ಮಾವನವರು ಹಾಲಿನಿಂದ ಕೂಗಿದರು.

"ಏನಿಲ್ರಿ ಮಾವಾರ. ಹೊಸಾ ತೊಟ್ಟಿ, ಒಮ್ಮಿ ತೊಳೀಬೇಕ್ರಿ."

ನನ್ನ ತಪ್ಪನ್ನು ಅವನು ಮುಚ್ಚಿದ. ನಕ್ಕಿದ್ದರೆ ಜಗಳಕ್ಕಾದರೂ ದಾರಿ ಸಿಗುತ್ತಿತ್ತು. ಒಳ್ಳೆಯತನದಲ್ಲೂ ಇವನೇ ಮುಂದೆ ಹೋದನಲ್ಲ ಎಂದು ಇನ್ನಷ್ಟು ಉರಿದುಕೊಂಡೆ. ಆದರೂ ಕೇಳದೆ ಇರಲಾಗಲಿಲ್ಲ.

"ಆ ಬಾವಿ ಹೆಂಗ ಮಾಡ್ದಿ ನೀ?"

"ನಾ ಏನ್ ಮಾಡ್ದೆನ್ರಿ? ಮಾವಾರು ಹೇಳಿದ್ರು, ನಾ ಕೊರ್ದೆ. ಐತವಾರಕ್ಕೊಮ್ಮಿ ಹಲಗಿ ಹೊತ್ಕೊಂಡ ಊರಿಗಿ ಹೋಗ್ತಿದ್ದೆ, ಎರಡ ತಿಂಗಳ ಹಿಡೀತು. ಸೆಲಿ ಜಾಗಾ ಮೂರ ಸಲ ಕೆಡಸಿ ಮಾಡಸ್ಯಾರ. ಮೋಟಾರ ಸುತ್ತಿ ಸುತ್ತಿ ನಿನ್ನ ಕಣ್ಣ ಹೋಗ್ಯಾವಂತ ಬೈದಾರ."

ಎರಡು ತಿಂಗಳು! ಬೈಸಿಕೊಳ್ಳುತ್ತ ಕೂತಿದ್ದಾನೆ ಈ ಮನುಷ್ಯ. ಮಾವನವರು ಬಾವಿಯ ಬಗ್ಗೆ ಅಷ್ಟು ಮಾತಾಡಬಲ್ಲರೆಂದೇ ನನಗೆ ಗೊತ್ತಿರಲಿಲ್ಲ. ನನ್ನ ಮುಂದೆ ಅವರು ಯಾವಾಗಲೂ ಕೇಳಿಸಿಕೊಳ್ಳುವವರು.

ಆಪರೇಷನ್ ಚೆನ್ನಾಗಿ ಆಯಿತು. ಆಸ್ಪತ್ರೆಯಿಂದ ಮಾವನವರು ನೇರವಾಗಿ ಅಕ್ಕಲಕೋಟಕ್ಕೆ ಹೋದರು. ಕೆಳಗಿನ ಕೋಣೆಯಲ್ಲಿ ಒಂದು ರಾತ್ರಿಯೂ ಮಲಗಲಿಲ್ಲ. ಹೋಗುವ ಗಾಡಿಯ ಬಾಡಿಗೆ ಕುದುರಿಸಿಕೊಟ್ಟವನು ನಾನೇ.

ಮೂರನೆಯ ಭಾನುವಾರ ಒಂದು ಹೊಸ ಹಲಗೆ ಕಂಕುಳಲ್ಲಿ ಹಿಡಿದು ನಾನೂ ಅಲ್ಲಿಗೆ ಹೋದೆ. ಮಾವನವರ ಕುರ್ಚಿಯ ಹತ್ತಿರ ನೆಲದ ಮೇಲೆ ಕೂತೆ.

"ಮಾವಾರ, ನನಗೂ ಬಾವಿ ಹೇಳ್ರಿ."

ಅವರು ನನ್ನ ಮುಖ ನೋಡಿದರು, ಹಲಗೆ ನೋಡಿದರು. "ಬಾವಿ ಇಲ್ಲಿ ಆಗ್ಯದಲ್ರಿ. ನಿಮ್ಮ ಮನ್ಯಾಗ ಹಳ್ಳ ಮಾಡೂಣು. ನಮ್ಮ ಹೊಲದ ಹಿಂದಿನ ಹಳ್ಳ. ನಾ ಸಣ್ಣವಿದ್ದಾಗ ಅಲ್ಲೇ ಈಸ ಕಲ್ತಿದ್ದೆ." ನನ್ನ ಎದೆ ತುಂಬಿ ಬರುವಷ್ಟರಲ್ಲಿ ಸಡ್ಡಕನ ಕಡೆ ತಿರುಗಿದರು. "ಕೊರಿಯೂದ ಮಾತ್ರ ನೀ ಕೊರಿಯಪಾ. ಅಳಿಯಾರ ಗುಡ್ಡ ನೋಡೀನಿ ನಾ."

ಸಡ್ಡಕ ಕೊರೆದ, ನಾನು ಹಲಗೆ ಹಿಡಿದೆ. ಉರಿ ಪೂರಾ ಆರಿದೆ ಎಂದು ಹೇಳಿದರೆ ಸುಳ್ಳಾದೀತು. ಆದರೆ ಮುಂದಿನ ತಪಾಸಣೆಗೆ ಬಂದಾಗ ನಮ್ಮಲ್ಲಿ ನಾಲ್ಕು ದಿನ ಇರುತ್ತೇನೆ, ಹಳ್ಳ ನೋಡಬೇಕು ಎಂದಿದ್ದಾರೆ.

ನೀವೂ ಮಾಡುವವರಿದ್ದರೆ ಕೇಳಿ. ಸಿಮೆಂಟಿನ ಹಲಗೆಯನ್ನು ಹದಿನೈದು ದಿನ, ದಿನಾ ನೀರು ಬದಲಿಸಿ ನೆನೆಸಿ. ನಳ ಐದು ದಿನಕ್ಕೊಮ್ಮೆ ಬರುವ ಊರಾದರೆ ನಳ ಬಂದಾಗಲೆಲ್ಲ ಬದಲಿಸುತ್ತ ಎರಡು ತಿಂಗಳು ಬಿಡಿ, ಅವಸರ ಮಾಡಬೇಡಿ. ಥರ್ಮಾಕೋಲ್ ತೇಲುತ್ತದೆ. ಖಾಲಿ ತೊಟ್ಟಿಯಲ್ಲೇ ಸಿಲಿಕೋನಿನಿಂದ ಅಂಟಿಸಿ, ಎರಡು ದಿನ ಒಣಗಿದ ಮೇಲೆ ನೀರು ಹಾಕಿ. ಹಿಂದೆ ಕೊಳವೆಗೆ ಎರಡು ಬೆರಳು ಜಾಗ ಇರಲಿ. ಮೊದಲು ಎರಡೇ ಮೀನು ಬಿಟ್ಟು ವಾರ ಕಾಯಿರಿ. ಇನ್ನು ಚಿತ್ರವನ್ನು ಮೊಬೈಲಿನಲ್ಲಿ ಹುಡುಕಬೇಡಿ. ಅದರ ಮುಂದೆ ಯಾರು ಕೂಡುತ್ತಾರೋ ಅವರನ್ನೇ ಪಕ್ಕಕ್ಕೆ ಕೂಡಿಸಿಕೊಂಡು ಕೇಳಿ. ಕೆಡಿಸು ಎಂದರೆ ಕೆಡಿಸಿ. ಅವರು ಸಾಕು ಎಂದ ಮೇಲೆ ಸಿಮೆಂಟು ಕಲಸಿ.